ಹಿಟ್ನಾಳದ ಮಿರ್ಚಿ ಯಾರಿಗೆ ಗೊತ್ತಾಯಿತು?

ಗೆಳೆಯರೇ, ಇವತ್ತು ಕೊಪ್ಪಳದಿಂದ ಗಂಗಾವತಿಯ ಮನೆಗೆ ಹೊರಟವನು ಹಿಟ್ನಾಳದಲ್ಲಿ ಇಳಿದು ಮಿರ್ಚಿ ಭಜಿ ತಿಂದೆ. ಆಸಿಡಿಟಿ ಇದೆ, ಎಣ್ಣೆಯದ್ದು ಬೇಡ ಅಂದಿದ್ದಾರೆ ಡಾಕ್ಟರು. ಅದಕ್ಕೇ ಮೊಬೈಲಿನಲ್ಲಿ, ನಾನೆಲ್ಲಿದ್ದೇನೆಂದು ಮನೆಯವರಿಗೆ ತೋರಿಸಲು ಮಗಳು ಹಾಕಿಕೊಟ್ಟಿದ್ದ ಲೊಕೇಶನ್ ಬಂದ್ ಮಾಡಿದ್ದೆ.

ಮಿರ್ಚಿ ಕೈಯಲ್ಲಿರುವಾಗಲೇ ಹೆಂಡತಿಯ ಫೋನ್.

"ಎಲ್ಲಿ ಅದೀರಿ? ಮ್ಯಾಪಿನಾಗ ಕಾಣವಲ್ರಿ."

"ಬಸ್ಸಿನಾಗ ಅದೀನಿ," ಅಂದೆ.

ಚಿಕ್ಕಂದಿನಲ್ಲಿ ಸಾಲಿ ತಪ್ಪಿಸಿ ಇದೇ ಹಿಟ್ನಾಳಕ್ಕೆ ಬಂದು ಮಿರ್ಚಿ ತಿನ್ನುತ್ತಿದ್ದ ಕಾಲದಲ್ಲಿ, ನನಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು. ನಮ್ಮ ಓಣಿಯ ಕಂಡಕ್ಟರ್ ಖಾದರ್ ಕಾಕಾ ಬಸ್ಸಿನಿಂದಲೇ ನನ್ನನ್ನು ನೋಡಿ, ಮನೆ ಮುಂದೆ ನಿಂತು ಕೂಗುತ್ತಿದ್ದ: "ಅಕ್ಕಾರ, ನಿಮ್ಮ ಹುಡುಗ ಹಿಟ್ನಾಳದಾಗ ಮಿರ್ಚಿ ತಿನ್ನಾಕತ್ತಿದ್ದ ನೋಡ್ರಿ!"

ಅವ್ವ ನನ್ನನ್ನು ಬಾಗಿಲಲ್ಲೇ ಹಿಡಿಯುತ್ತಿದ್ದಳು. "ಹೊಟ್ಟಿ ಉರಿಯಂಗಿಲ್ಲೇನೋ ಮೂಳಾ? ಹಿಡಿ, ಮೊದ್ಲು ಇದನ್ನ ಕುಡಿ." ಬೈಗುಳ ಮುಗಿಯುವ ಮೊದಲೇ ಕೈಯಲ್ಲಿ ಮಜ್ಜಿಗೆಯ ಲೋಟ ಇರುತ್ತಿತ್ತು.

ಇವತ್ತು ಮತ್ತೆ ಬಸ್ಸು ಹತ್ತಿ ಕೂತೆ. ಮೊಬೈಲ್ ತಾನಾಗಿ ಕೇಳಿತು: "ಹಿಟ್ನಾಳದ ಭಜಿ ಅಂಗಡಿ ಹೇಗಿತ್ತು? ಸ್ಟಾರ್ ಕೊಡಿ."

ನಾನು ಬಂದ್ ಮಾಡಿದ್ದು ಮನೆಯವರಿಗೆ ಕಾಣುವುದನ್ನಷ್ಟೇ! ಯಾವುದೋ ದೇಶದ ಕಂಪನಿಗೆ ನನ್ನ ಮಿರ್ಚಿ ಗೊತ್ತಾಗಿದೆ. ಗೊತ್ತಾಗದೆ ಉಳಿದದ್ದು ಈಗ ಮಜ್ಜಿಗೆ ಕೊಡಬೇಕಾದ ಹೆಂಡತಿಗೆ ಮಾತ್ರ.

ನನ್ನ ಪೋಸ್ಟುಗಳನ್ನೆಲ್ಲ ಆಕೆ ತಪ್ಪದೆ ಓದುತ್ತಾಳೆ. ಅದಕ್ಕೇ ಇದನ್ನು ಬಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ. ಎದೆ ಉರಿಯುತ್ತಿದೆ.