ಯಾವ ಮನೆ ಎಂದು ಕೇಳಿದ ಕೌನ್ಸೆಲರ್

ಕೌನ್ಸೆಲಿಂಗಿಗೆ ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ. ಒಳಗೆ ಕಾಲಿಟ್ಟ ಕೂಡಲೇ ‘ನಿಮ್ಮದು ಯಾವ ಮನೆ’ ಎಂದು ವಿಚಾರಿಸಿದರೆ ಚಪ್ಪಲಿ ಮೆಟ್ಟಿಕೊಂಡು ವಾಪಸು ಬನ್ನಿ. ನಾನು ಬರಲಿಲ್ಲ. ಹಲ್ಲು ಕಿಸಿದುಕೊಂಡು ಮನೆ ಹೆಸರು ಹೇಳಿದೆ.

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋದ ಮೇಲೆ ಅವಳ ಚಾಕರಿ ನನ್ನ ತಲೆಗೆ ಬಂತು. ನಿನ್ನಿಂದ ಆಗುತ್ತದಾ ಎಂದು ಒಬ್ಬರೂ ಕೇಳಲಿಲ್ಲ. ಮಗಳಲ್ಲವಾ, ಮಾಡಬೇಕು. ಕೈಕಾಲು ಹೋದರೂ ಅವಳ ಬಾಯಿಗೆ ಏನೂ ಆಗಿರಲಿಲ್ಲ. ಗಂಜಿ ಬಿಸಿ, ಗಂಜಿ ತಣ್ಣಗೆ, ಮೀನಿಗೆ ಹುಳಿ ಜಾಸ್ತಿ, ಬಂದವರೆದುರು ನನ್ನ ಮೇಲೆ ದೂರು. ಬರಬರುತ್ತಾ ಬಸ್ಸಿನಲ್ಲಿ ಕೂತರೂ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಸರಿಯಾಗಿದೆ, ಕೌನ್ಸೆಲರ್ ಹತ್ತಿರ ಹೋಗಿ ಅಂದರು.

ಬ್ರಹ್ಮಾವರದಲ್ಲಿ ಒಬ್ಬರಿದ್ದರು, ನನ್ನದೇ ಪ್ರಾಯದ ಹೆಂಗಸು. ನನ್ನ ಸಂಕಟ ಕೇಳುವ ಮೊದಲು ಮನೆ ಕೇಳಿದರು, ತಾಯಿಮನೆ ಕೇಳಿದರು. ಅಮ್ಮನ ತಂಗಿ, ನನ್ನ ಚಿಕ್ಕಮ್ಮನನ್ನು ಕೊಟ್ಟದ್ದು ಕೊಕ್ಕರ್ಣೆಗೆ ಎಂದೆ. ಚಿಕ್ಕಮ್ಮನ ಪಕ್ಕದ ಮನೆಯೇ ಇವರ ಅತ್ತೆಯದಂತೆ.

“ಹಂಗಾರೆ ನೀವ್ ನಮ್ಮವ್ರೇ ಆಯ್ತಲೆ,” ಅಂದರು.

ಮೂಢೆ ನಾನು, ನನಗೆ ಹಾಯೆನಿಸಿತು. ನಮ್ಮ ಕಡೆ ಹಲ್ಲು ಕೀಳಿಸಲು ಹೋದರೂ ಮೊದಲು ಸಂಬಂಧ ಹುಡುಕುತ್ತೇವೆ. ಎಲ್ಲಾದರೂ ಒಂದು ಎಳೆ ಸಿಕ್ಕಿದರೆ ಸರಿ, ನಮ್ಮವರು ನಮಗೆ ಕೆಟ್ಟದ್ದು ಮಾಡಲಿಕ್ಕಿಲ್ಲ ಎಂಬ ಧೈರ್ಯ. ಆ ಧೈರ್ಯಕ್ಕೆ ಬೆಂಕಿ ಬೀಳಲಿ. ಯಾರಿಗೂ ಹೇಳದೇ ಇದ್ದದ್ದನ್ನು ಅವರ ಮುಂದೆ ಹೇಳಿಬಿಟ್ಟೆ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದಾಗ ಅಮ್ಮ ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡುತ್ತೇನೆ, ಉಸಿರಾಡುತ್ತಿದ್ದರೆ ಬೇಸರವಾಗುತ್ತದೆ ಎಂದೆ. ಅವರು ತಲೆಯಾಡಿಸಿ ಮುಂದಿನ ವಾರ ಬನ್ನಿ ಅಂದರು.

ಮುಂದಿನ ವಾರದೊಳಗೆ ಕೊಕ್ಕರ್ಣೆಯಲ್ಲಿ ಒಂದು ಮನೆಯೊಕ್ಕಲಿನ ಊಟವಿತ್ತು. ಹೊಸ ಮನೆಯ ಆ ಪಂಕ್ತಿಯಲ್ಲಿ ಇವರು ನನ್ನ ಚಿಕ್ಕಮ್ಮನ ಪಕ್ಕ ಕೂತು ಪಾಯಸದ ಜೊತೆ ನನ್ನನ್ನೂ ಬಡಿಸಿದರು. ಮರುದಿನ ಚಿಕ್ಕಮ್ಮನ ಫೋನು ಬಂತು. ಅಮ್ಮನಿಗೆ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲಿ. ನಾನು ಅಡುಗೆಮನೆಯಲ್ಲಿ ಗಂಜಿ ಬಗ್ಗಿಸುತ್ತಿದ್ದೆ.

“ಅಕ್ಕಾ, ನಿನ್ ಮಗ್ಳ್ ನೀ ಸಾಯೂದನ್ನೇ ಕಾಯ್ತಾ ಇತ್ತ್ ಅಂಬ್ರ್. ಜಾಗ್ರತಿ ಮಾಡ್ಕೊ.”

ಅಮ್ಮ ಹ್ಞೂಂ ಅಂದಳು. ನಾನು ಗಂಜಿ ಬಟ್ಟಲು ಹಿಡಿದು ಹೋದಾಗ ಬಾಯಿ ತೆರೆಯಲಿಲ್ಲ.

“ಮೊದ್ಲ್ ನೀ ಉಣ್ಣ್,” ಅಂದಳು.

ಉಂಡೆ. ನನ್ನ ಗಂಟಲಿನಿಂದ ಕೆಳಗಿಳಿಯುವವರೆಗೆ ನೋಡಿ ಆಮೇಲೆ ಬಾಯಿ ತೆರೆದಳು. ಹೆತ್ತ ತಾಯಿಗೆ ನನ್ನ ಕೈಯಲ್ಲಿ ವಿಷ ಕಂಡಿತು. ಅವತ್ತಿನಿಂದ ಪ್ರತಿ ಊಟಕ್ಕೂ ಇದೇ. ಬ್ರಹ್ಮಾವರಕ್ಕೆ ಫೋನು ಮಾಡಿ ಕೇಳಿದರೆ ಆ ಹೆಂಗಸು, “ನಿಮ್ಮ ಒಳ್ಳೇದಕ್ಕೇ ಹೇಳಿದ್ದ್. ನಾವೆಂತ ಹೊರಗಿನವ್ರಾ?” ಅಂದಿತು. ನಾನು ಕೊಟ್ಟ ಉತ್ತರ ಅಚ್ಚು ಹಾಕುವಂಥದ್ದಲ್ಲ.

ಎದೆ ಹೊಡೆದುಕೊಳ್ಳುವುದು ಇನ್ನೂ ಹೆಚ್ಚಾಯಿತು. ಬೇರೆ ದಾರಿ ಕಾಣದೆ ಕುಂದಾಪುರದಲ್ಲಿ ಇನ್ನೊಬ್ಬರನ್ನು ಹುಡುಕಿದೆ. ಘಟ್ಟದ ಮೇಲಿನವರು, ಧಾರವಾಡದ ಕಡೆಯ ಮಾತು. ಕೂರುವ ಮೊದಲೇ ಕೇಳಿದೆ, ನಾನು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆ ಎಂದು.

“ಯಾರಿಗೂ ಹೋಗೂದಿಲ್ರಿ. ಯಾರದರೆ ಜೀವಕ್ಕ ಅಪಾಯ ಅದ ಅಂತ ಕಂಡ್ರ ಮಾತ್ರ ಹೇಳಬೇಕಾಗ್ತದ. ಅದನ್ನೂ ಆದಷ್ಟು ಮೊದಲ ನಿಮಗ ಹೇಳೇ ಮಾಡ್ತೀನಿ. ನನ್ನ ಜೋಡಿ ಹೊಂದಲಿಲ್ಲ ಅಂದ್ರ ಬಿಡ್ರಿ, ಬ್ಯಾರೆಯವ್ರ ಹೆಸರು ಕೊಡ್ತೀನಿ.”

ನನ್ನ ಮನೆ ಯಾವುದೆಂದು ಅವರು ಇವತ್ತಿಗೂ ಕೇಳಿಲ್ಲ. ಮಾತ್ರೆ ಕೊಡಲಿಲ್ಲ, ಹೀಗೆ ಮಾಡು ಹಾಗೆ ಮಾಡು ಎಂದೂ ಹೇಳಲಿಲ್ಲ. ಕೆಲವು ವಾರ ಸುಮ್ಮನೆ ಕೇಳಿಸಿಕೊಂಡು, ಒಂದು ದಿನ, “ಇದನ್ನ ಅಮ್ಮನ ಹತ್ರ ಮಾತಾಡೀರೇನು?” ಅಂದರು. ಮನೆವರೆಗೂ ಬಸ್ಸಿನಲ್ಲಿ ಅವರನ್ನು ಬೈದುಕೊಂಡೇ ಬಂದೆ.

ಆದರೂ ಆ ದಿನ ಗಂಜಿಯ ಮುಂದೆ ಹೇಳಿದೆ. “ನಾನ್ ಹೇಳಿದ್ದ್ ಹೌದ್. ಸಾಕಾಯ್ತ್ ನಂಗೆ. ಆದ್ರೆ ನಿನ್ನ ಕೊಲ್ಲೂಕ್ ಹೊರಟದ್ದಲ್ಲ.”

ಅಮ್ಮ ನನ್ನನ್ನೇ ನೋಡಿದಳು. “ನಿಂಗ್ ಸಾಕಾದ್ದ್ ನಂಗ್ ಕಾಂತಿಲ್ಯಾ? ಬ್ರಹ್ಮಾವರಕ್ ಹೋಯಿ ಹೇಳ್ದೆ. ಈ ಕೋಣಿಗ್ ಬಂದ್ ಹೇಳೂಕ್ ಆಯ್ಲಿಲ್ಯಾ?”

“ನಿನ್ನತ್ರ ಹೇಳಿರೆ ನೀನೇ ಚಿಕ್ಕಮ್ಮಂಗ್ ಫೋನ್ ಮಾಡ್ತಿದ್ದೆ,” ಅಂದೆ.

“ಮಾಡ್ತಿದ್ದೆ,” ಅಂದಳು ಅಮ್ಮ. “ಆದ್ರೆ ನಿನ್ ಕೈಯಲ್ಲ್ ಉಂಬುಕೆ ಹೆದರ್ತಿರ್ಲಿಲ್ಲ.”