ಅತ್ತೆಯ ಬೀಳು ಹೊಲದ ಗಾಳಿ

ನಮ್ಮ ಮನೆಯಲ್ಲಿ ಆಸ್ತಿಗಿಂತ ಅನುಮಾನವೇ ಹೆಚ್ಚು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ, ಅದೂ ಹಾಲು ಕುಡಿಯುತ್ತಲೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಜೀಪಿನಲ್ಲಿ ಇಬ್ಬರು ಬಂದು, ನಿಮ್ಮ ಗುಡ್ಡದ ಹೊಲದಲ್ಲಿ ಗಾಳಿಯಿಂದ ಕರೆಂಟು ತೆಗೆಯುತ್ತೇವೆ ಎಂದರು. ಅಪ್ಪ ಅವರಿಗೆ ಚಹಾ ಕೊಡಿಸಿದ. ಒಂದು ಮಾತನ್ನೂ ನಂಬಲಿಲ್ಲ.

ಆ ಹೊಲ ಅಪ್ಪನ ಅಕ್ಕನದು, ಅಂದರೆ ನನ್ನ ಅತ್ತೆಯದು. ಅವಳ ಮದುವೆಯಲ್ಲಿ ಅಜ್ಜ ಅದನ್ನು ಅರಿಶಿನ ಕುಂಕುಮಕ್ಕೆಂದು ಬಾಯಿಮಾತಿನಲ್ಲಿ ಕೊಟ್ಟಿದ್ದ. ತವರಿನ ಮಾತಿಗೆ ಕಾಗದ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಪಹಣಿ ಅಪ್ಪನ ಹೆಸರಿಗೇ ಇತ್ತು. ಗಂಡ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೇ ಬಂದಳು. ಎತ್ತು ಮಾರಿದ ವರ್ಷದಿಂದ ಹೊಲ ಬೀಳು ಬಿತ್ತು. ಅಲ್ಲಿನ ಬಂಡೆಯ ಕಣ ಮಾತ್ರ ಬೀಳಾಗಲಿಲ್ಲ. ಸುಗ್ಗಿಯಲ್ಲಿ ಊರವರೆಲ್ಲ ನವಣೆ, ಸಜ್ಜೆ ತೂರಲು ಅಲ್ಲಿಗೇ ಬರುತ್ತಿದ್ದರು. ಗಾಳಿ ಯಾವಾಗ ಬೀಸುತ್ತದೆ, ಎಲ್ಲಿ ನಿಲ್ಲಬೇಕು ಎಂದು ಅತ್ತೆಯನ್ನು ಕೇಳದೆ ಯಾರೂ ಮೊರ ಎತ್ತುತ್ತಿರಲಿಲ್ಲ. ಮನೆಯಲ್ಲಿ ಎರಡನೇ ರೊಟ್ಟಿಗೆ ಹಿಂದೆ ಮುಂದೆ ನೋಡುವ ಹೆಂಗಸು ಆ ಕಣದಲ್ಲಿ ಯಜಮಾನಿ.

ಜೀಪಿನವರು ಗುಡ್ಡ ಹತ್ತಿ, ಗಾಳಿ ಎಲ್ಲಿ ಜೋರು ಎಂದು ಕೇಳಿದರು.

"ಇಲ್ಲಿ ಎಲ್ಲೈತ್ರಿ ಗಾಳಿ? ಎಲಿ ಸೈತ ಅಳ್ಳಾಡಂಗಿಲ್ಲ," ಎಂದ ಅಪ್ಪ, ಹೆಗಲ ಟವೆಲು ಹಾರಿಹೋಗದಂತೆ ಹಿಡಿದುಕೊಂಡೇ.

ಅತ್ತೆಗೆ ತಡೆಯಲಿಲ್ಲ. ಕಣದ ಅಂಚಿನಿಂದ ಒಂದು ಹಿಡಿ ಹೊಟ್ಟು ಎತ್ತಿ ತೂರಿದಳು. "ಅವಗೇನು ಗೊತ್ರಿ? ಇಲ್ಲಿ ಬಂದು ನಿಂದರ್ರಿ. ಊರಾಗ ಸತ್ತಂಗಿದ್ರೂ ಇಲ್ಲಿ ಗಾಳಿ ಇರ್ತೈತಿ."

ಅವರು ಬಂಡೆ ಮುಗಿದು ಮಣ್ಣು ಶುರುವಾಗುವಲ್ಲಿ, ಅವಳ ಕಾಲ ಬುಡದಲ್ಲೇ ಗೂಟ ಹೊಡೆದರು. ಅತ್ತೆ ಹೆಮ್ಮೆಯಿಂದ ನಕ್ಕಳು. ಆ ನಗು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅವಳ ಮೇಲಲ್ಲ.

"ಗಾಳಿ ಯಾವನು ಕೊಳ್ತಾನ? ಕೆಳಗ ಅದಿರು ಐತಿ, ಅದಕ್ಕ ಬಂದಾರ," ಎಂದು ಅಪ್ಪ ತೀರ್ಮಾನಿಸಿದ. ಗೂಟದ ಗುಂಡಿಯ ಮಣ್ಣನ್ನು ಟವೆಲಿನಲ್ಲಿ ಕಟ್ಟಿಕೊಂಡು, ಗಣಿಯಲ್ಲಿ ಕೆಲಸ ಮಾಡಿದ್ದ ಪರಿಚಯದವನೊಬ್ಬನಿಗೆ ತೋರಿಸಲು ಕೊಟ್ಟೂರಿಗೆ ಹೋದ. ಅವನು ಮುಟ್ಟಿ ನೋಡಿ, "ಹುರುಳಿ ಬಿತ್ರಿ," ಎಂದನಂತೆ.

ಆಮೇಲೆ ಹೊಲದ ಗುತ್ತಿಗೆಯ ಕರಾರು ಪತ್ರ ಬಂತು. ನಾನಾಗ ಬಿ.ಎ. ಓದುತ್ತಿದ್ದೆ. ಕಂಪನಿಯವರ ಮೋಸ ಎಲ್ಲಿ ಅಡಗಿದೆ ನೋಡು ಎಂದು ಅಪ್ಪ ನನ್ನನ್ನು ಕೂಡಿಸಿದ. ಅವನ ಮಗಳಲ್ಲವೇ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ಸಾಲನ್ನೂ ಓದಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದಳು.

"ಎಲ್ಲಾ ಚಲೋ ಐತೇನವ್ವ?"

"ಮೋಸ ಏನೂ ಇಲ್ಲತ್ತಿ," ಎಂದೆ.

ಪತ್ರದಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ. ಗಮನಿಸಲಿಲ್ಲ ಎಂದು ಬರೆಯಬಹುದಿತ್ತು, ಗಮನಿಸಿದ್ದೆ. ಹೊರಗಿನವರನ್ನು ಅನುಮಾನಿಸಿದರೆ ಜಾಣತನ, ಮನೆಯವರನ್ನು ಅನುಮಾನಿಸಿದರೆ ಪಾಪ ಎಂದು ಬೆಳೆದವಳು ನಾನು. ಅಪ್ಪನನ್ನು ಕೇಳಲು ಹೆದರಿದೆ. ಅಪ್ಪ ಸಹಿ ಹಾಕಿದ. ಇಷ್ಟು ಅನುಮಾನದ ತಮ್ಮನೇ ಒಪ್ಪಿದ ಮೇಲೆ ಇನ್ನೇನು ಎಂದು ಅತ್ತೆ ನಿಶ್ಚಿಂತೆಯಾದಳು.

ಮುಂದಿನ ಸುಗ್ಗಿಗೆ ಕಣದ ಮೇಲೆ ಗಾಳಿಯಂತ್ರ ತಿರುಗುತ್ತಿತ್ತು. ಅತ್ತೆ ಸಜ್ಜೆಯ ಬುಟ್ಟಿ ಹೊತ್ತು ಹೊರಟಳು, ಮೊರ ಹಿಡಿದು ನಾನು ಹಿಂದೆ. ತಂತಿ ಬೇಲಿಯ ಬಾಗಿಲಲ್ಲಿ ಕಾವಲಿನವನು ತಡೆದ.

"ಒಳಗ ಬರಂಗಿಲ್ಲಬೇ."

"ನನ್ನ ಹೊಲಕ್ಕ ನಾನು ಬರಾಕ ನಿನ್ನ ಕೇಳಬೇಕೇನಲೇ?" ಅತ್ತೆ ಗದರಿದಳು. ಅವನು ಹೆದರಲಿಲ್ಲ, ಕನಿಕರದಿಂದ ನೋಡಿದ. ಅವಳು ನನ್ನ ಕಡೆ ತಿರುಗಿದಳು. "ನೀನು ಓದೀಯಲ್ಲವ್ವ ಕಾಗದಾನ. ಹೇಳು ಇವಗ, ಯಾರ ಹೊಲ ಅಂತ."

ತಲೆಯ ಮೇಲೆ ಯಂತ್ರ ಭೋರೆನ್ನುತ್ತಿತ್ತು. ನಾನು ಮೊರದ ಅಂಚನ್ನೇ ನೋಡುತ್ತಾ, "ಅಪ್ಪಂದು," ಎಂದೆ.

ಅತ್ತೆ ನನ್ನ ಕೈಯಿಂದ ಮೊರ ಇಸಿದುಕೊಂಡು, ನನಗೆ ಕಾಯದೆ ಗುಡ್ಡ ಇಳಿದಳು.