ಪೆಡಲ್ ಮೇಲಿನ ಕಾಲು

ಬ್ರೇಕ್ ಆಯಿಲ್ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಬಂತು. ಕಳೆದ ಭಾನುವಾರ ಅರಸೀಕೆರೆಯ ನಮ್ಮ ಮನೆಯಂಗಳದಲ್ಲಿ ಕಾರಿನ ಮುಂದಿನ ಚಕ್ರ ಬಿಚ್ಚಿ ಕೂತಿದ್ದೆ. ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಜಾಮ್ ಆಗಿತ್ತು, ಹೊಸದನ್ನು ತಂದಿದ್ದೆ. ಕೈಗೆ ಹತ್ತಿದ ಆ ವಾಸನೆಗೆ ಎದುರುಮನೆ ಯಜಮಾನರು ನೆನಪಾದರು...

ಅವರು ತೆಂಗಿನಕಾಯಿ ಲಾರಿಗಳ ಗ್ಯಾರೇಜಿನಲ್ಲಿ ಆಯುಸ್ಸು ಸವೆಸಿದವರು. ವಯಸ್ಸಾದ ಮೇಲೂ ಬೀದಿಯವರ ಗಾಡಿಗಳೆಲ್ಲ ಅವರ ಮನೆ ಮುಂದೆಯೇ ನಿಲ್ಲುತ್ತಿದ್ದವು. ಬ್ರೇಕ್ ಕೆಲಸ ಮಾಡಿದ ಗಾಡಿಯನ್ನು ಮೊದಲು ತಾವೇ ಓಡಿಸಿ ನೋಡಬೇಕು, ಇದು ಅವರ ಕಟ್ಟುನಿಟ್ಟು. ಅದಕ್ಕೂ ಮುಂಚೆ ಕೈ ತೊಳೆದು, ಗ್ರೀಸ್ ಅಂಟಿದ ಅಂಗಿ ಬಿಚ್ಚಿ, ಒಗೆದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಹೆಣ್ಣು ನೋಡಲು ಹೊರಟಿದ್ದಾರೆ ಎಂದು ನಾವೆಲ್ಲ ನಗುತ್ತಿದ್ದೆವು.

ಏಳೆಂಟು ವರ್ಷದ ಹಿಂದೆ ಇದೇ ಕಾರಿಗೆ ಅವರೇ ಕ್ಯಾಲಿಪರ್ ಬದಲಾಯಿಸಿಕೊಟ್ಟರು. ಕೊನೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ನಾನು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಅವರು ಕೆಳಗೆ ತಿರುಪು ಸಡಿಲಿಸಿ, ಮತ್ತೆ ಬಿಗಿದು "ಬಿಡು" ಎನ್ನಬೇಕು. ಅದಕ್ಕೆ ಮೊದಲೇ ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಬೇಲೂರಿನಲ್ಲಿ ನಾದಿನಿಯ ಮಗುವಿನ ನಾಮಕರಣ, ಹೊತ್ತಾಗಿತ್ತು, ಫೋನ್ ಮೇಲೆ ಫೋನ್ ಬರುತ್ತಿತ್ತು. ಜೇಬಿನಿಂದ ಫೋನ್ ತೆಗೆಯುವಾಗ ಕಾಲು ಎದ್ದೇಬಿಟ್ಟಿತು.

"ಕಾಲ್ ಎತ್ಲಿಲ್ಲ ತಾನೇನಪ್ಪಾ?" ಕೆಳಗಿನಿಂದ ಕೇಳಿದರು.

"ಇಲ್ಲ, ಹಿಡ್ಕೊಂಡೇ ಇದೀನಿ ಯಜಮಾನ್ರೇ," ಅಂದೆ. ಎತ್ತಿದೆ ಅಂದಿದ್ದರೆ ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಚಕ್ರ ಹಾಕಿ ಅವರು ಅಂಗಿ ಬದಲಾಯಿಸಲು ಒಳಗೆ ಹೋದರು. ನಾನು ಹೆಂಡತಿಯನ್ನು ಕೂರಿಸಿಕೊಂಡು ಹೊರಟೇಬಿಟ್ಟೆ. ಪೆಡಲ್ ಮೆತ್ತಗಿದೆ ಅನ್ನಿಸಿತ್ತು... ಹಳೇಬೀಡು ದಾಟಿದ ಮೇಲೆ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಪೆಡಲ್ ನೆಲಕ್ಕೆ ಹೋಯಿತು, ಕಾರು ಮೋರಿಕಟ್ಟೆಗೆ ಗುದ್ದಿತು. ಹೆಂಡತಿಯ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಿಂದ ಬಂದ ದಿನ ಯಜಮಾನರು ಬಾಗಿಲಿಗೆ ಬಂದರು. ತಾವು ಓಡಿಸಿ ನೋಡುವ ಮುಂಚೆ ನಾನು ಹೊರಟಿದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಕೈ ಇಟ್ಟೋನು ನಾನು. ತಪ್ಪು ನಂದೇ ಕಣವ್ವಾ," ಎಂದು ಹೆಂಡತಿಗೆ ಕೈ ಮುಗಿದರು.

ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಅಷ್ಟಕ್ಕೇ ಬಿಡಲಿಲ್ಲ. ಬೀದಿಯವರು ಕೇಳಿದಾಗ, ವಯಸ್ಸಾಯಿತಲ್ಲ, ಕೈ ನಡುಗುತ್ತದೆ ಎಂದು ಸೇರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನಾನು ಅಷ್ಟೂ ಮಾನವಂತನಲ್ಲ.

ಅವರ ಮನೆ ಮುಂದೆ ಗಾಡಿಗಳು ಬರುವುದು ನಿಂತಿತು. ಸ್ಪ್ಯಾನರುಗಳನ್ನೆಲ್ಲ ಗುಜರಿಗೆ ಹಾಕಿದರು. ಬೆಳಗ್ಗೆ ಒಗೆದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು... ನನ್ನನ್ನು ಕಂಡಾಗಲೆಲ್ಲ ಹೆಂಡತಿಯ ಕೈ ಹೇಗಿದೆ ಎಂದು ತಪ್ಪದೆ ಕೇಳುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ಎರಡು ವರ್ಷ ಕಳೆದೆ. ಅವರು ತೀರಿಕೊಂಡರು.

ಭಾನುವಾರ ಪೆಡಲ್ ಒತ್ತಲು ಕೂತವಳು ಹೆಂಡತಿ. ಹಿಡಿದುಕೊಂಡಿದ್ದೇನೆ ಅಂದಳು. ನಂಬಿಕೆ ಬರಲಿಲ್ಲ. ತಿರುಪಿಗೆ ಕೈ ಹಾಕದೆ ಎದ್ದು ಬಂದು ಅವಳ ಕಾಲು ನೋಡಿದೆ. ಒತ್ತಿಯೇ ಹಿಡಿದಿದ್ದಳು.

"ನಿಮ್ಮಷ್ಟು ಜೋಪಾನ ಅವತ್ತು ಎದುರುಮನೆಯೋರಿಗೆ ಇದ್ದಿದ್ರೆ ನನ್ನ ಕೈ ಹಿಂಗಾಗ್ತಿರ್ಲಿಲ್ಲ," ಅಂದಳು, ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಸವರಿಕೊಳ್ಳುತ್ತಾ.

ಅವರಂತೂ ಇಲ್ಲ. ಇವಳು ಎದುರಿಗೇ ಇದ್ದಳು. ನಾನು "ಹೂಂ" ಅಂದು, ತಿರುಪು ಸಡಿಲಿಸಲು ಬಗ್ಗಿದೆ.